ರಾಯಚೂರಿನ ಬಿಸಿಲಲ್ಲಿ ಮನೆಯಲ್ಲೇ ಆರ್ಕಿಡ್ ಬೆಳೆಯಬಹುದಾ?

ಬೆಳೆಯಬಹುದು, ಆದರೆ ಗಿಡ ನೋಡಿ ಆರಿಸಿಕೊಳ್ಳಿ. ನರ್ಸರಿಯಲ್ಲಿ ಚಂದ ಕಾಣುವ ಫಲೆನಾಪ್ಸಿಸ್ ಅನ್ನೋ ಆರ್ಕಿಡ್ ನಮ್ಮ ಏಪ್ರಿಲ್ ದಾಟುವುದು ಕಷ್ಟ. 40 ಡಿಗ್ರಿಯ ಒಣ ಗಾಳಿ ಅದಕ್ಕೆ ಆಗಲ್ಲ. ಡೆಂಡ್ರೋಬಿಯಂ ಅನ್ನೋ ಇನ್ನೊಂದು ಆರ್ಕಿಡ್ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಅದರಿಂದ ಶುರು ಮಾಡಿ.

ಮಣ್ಣು ಮಾತ್ರ ಬೇಡವೇ ಬೇಡ. ಇದು ಮರದ ಮೇಲೆ ಬೆಳೆಯುವ ಗಿಡ. ಮಲೆನಾಡಿನ ಸೀತಾಳೆ ದಂಡೆ ನೋಡಿದ್ದೀರಲ್ವಾ, ಹಾಗೆ. ಬದನಿಕೆ ಥರ ಮರದ ರಸ ಹೀರಲ್ಲ, ಸುಮ್ನೆ ಅಂಟಿಕೊಂಡು ಕೂತಿರುತ್ತದೆ. ತೂತುಗಳಿರುವ ಕುಂಡಕ್ಕೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು.

ನೀರು ಯಾವಾಗ ಹಾಕಬೇಕು ಅಂತ ಗಿಡದ ಬೇರುಗಳೇ ಹೇಳುತ್ತವೆ. ಬೇರು ಬೂದಿ ಬಣ್ಣಕ್ಕೆ ತಿರುಗಿದ್ದರೆ ಬಾಯಾರಿದೆ ಅಂತ. ನೀರು ಬಿದ್ದರೆ ಕಣ್ಣೆದುರೇ ಹಸಿರಾಗುತ್ತದೆ, ನೋಡೋಕೇ ಮಜಾ. ಹಸಿರಿದ್ದಾಗ ಮತ್ತೆ ಸುರಿದರೆ ಕೊಳೆಯುತ್ತದೆ. ನಮ್ಮ ಮನೆಯ ಬೋರ್ ನೀರು ಉಪ್ಪು ಜಾಸ್ತಿ. ಬೇರಿನ ಮೇಲೆ ಬಿಳಿ ಪದರ ಕಟ್ಟಿ ಎರಡು ಗಿಡ ಹೋದವು. ಈಗ ಹಿಡಿದಿಟ್ಟ ಮಳೆ ನೀರು, ಅದು ಮುಗಿದರೆ ಫಿಲ್ಟರ್ ನೀರು.

ಜಾಗ? ಪೂರ್ವದ ವರಾಂಡ, ಮೇಲೊಂದು ಹಸಿರು ನೆಟ್. ಮೇ ತಿಂಗಳಲ್ಲಿ ಕೆಳಗೆ ನೀರು ತುಂಬಿದ ಟಬ್ ಒಂದನ್ನು ಇಡಿ.