ಮೊಳೆ ಇಲ್ಲದ ಮನೆ ಕಟ್ಟೋರು ಯಾರು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ (ಮ್ಯಾಸಚುಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ಥರದ ಈಶಾನ್ಯ ಮೂಲೆಯ ರಾಜ್ಯಗಳು) ದಪ್ಪ ದಪ್ಪ ತೊಲೆ ಜೋಡಿಸಿ, ಗೂಟ ಹೊಡೆದು ಮನೆ ಕಟ್ಟೋ ಸಣ್ಣ ಟಿಂಬರ್ ಫ್ರೇಮ್ ಕಂಪನಿಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮನೆಗಿಂತ ಮನೆ ಕಟ್ಟೋರ ಬಗ್ಗೆನೇ ಜಾಸ್ತಿ ಕೇಳಿದೀರಿ. ಹಾಗಾಗಿ ಈ ಸಲ ಪೂರ್ತಿ ಅದೇ.

ಮಗ ಬೋಸ್ಟನ್ನಲ್ಲಿದಾನೆ. ಅವನ ಮನೆ ಹತ್ರ ಒಂದು ಇಡೀ ಮನೆಯ ಮರದ ಚೌಕಟ್ಟನ್ನ ಎರಡೇ ದಿನಕ್ಕೆ ಎತ್ತಿ ನಿಲ್ಸಿದ್ರಂತೆ, ವಿಡಿಯೋ ಕಳ್ಸಿದ್ದ. ಇದು ನಮ್ಮ ಆಚಾರ್ರ ಥರ ಅಪ್ಪನಿಂದ ಮಗನಿಗೆ ಬಂದ ಕಸುಬಾ? – ಶಿರಸಿಯ ಓದುಗರು

ಅಲ್ಲ, ಮತ್ತೆ ಇದರಲ್ಲಿ ನನಗೆ ಭಾರಿ ಮಜಾ ಅನ್ಸೋದೇ ಅದು. ಕಸುಬು ಹಳೇದು ಹೌದು, 1600ರ ದಶಕದಲ್ಲಿ ಇಂಗ್ಲೆಂಡಿಂದ ಬಂದೋರು ತಮ್ಮೂರಲ್ಲಿ ಕಟ್ತಿದ್ದ ಹಾಗೇ ಅಮೆರಿಕದಲ್ಲೂ ಓಕ್ ಮರದಲ್ಲಿ ಕಟ್ಟಿದ್ರು, ಮ್ಯಾಸಚುಸೆಟ್ಸ್‌ನ ಡೆಡಮ್ ಅನ್ನೋ ಊರಲ್ಲಿ ಫೇರ್‌ಬ್ಯಾಂಕ್ಸ್ ಮನೆ ಅಂತ ಒಂದಿದೆ, ಮರದ ಉಂಗುರ ಲೆಕ್ಕ ಹಾಕಿ ನೋಡಿದ್ರೆ ಸುಮಾರು 1640ರ ಆಸುಪಾಸಿಂದು, ಉತ್ತರ ಅಮೆರಿಕದಲ್ಲಿ ಉಳಿದಿರೋ ಅತಿ ಹಳೇ ಮರದ ಚೌಕಟ್ಟಿನ ಮನೆ ಅಂದ್ರೆ ಅದೇ. ಆದ್ರೆ 1830ರ ದಶಕದಲ್ಲಿ ಶಿಕಾಗೋ ಕಡೆ ತೆಳು ಹಲಗೆ ಪಟ್ಟಿ ನಿಲ್ಸಿ ಮೊಳೆ ಹೊಡ್ದು ಮನೆ ಎಬ್ಸೋ ಪದ್ಧತಿ ಶುರುವಾಯ್ತು. ಮೆಷಿನ್ ಮೊಳೆ ಅಗ್ಗ, ಸಾ ಮಿಲ್ ಹಲಗೆ ಅಗ್ಗ, ಕೆಲ್ಸಕ್ಕೆ ದೊಡ್ಡ ಆಚಾರಿನೂ ಬೇಡ. ಆ ಶತಮಾನ ಮುಗಿಯೋದ್ರೊಳಗೆ ಹಳೇ ಕಸುಬು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಅದನ್ನ ಮತ್ತೆ ಎಬ್ಸಿದ್ದು 1970ರ ದಶಕದ ಹುಡುಗರು. ಎಷ್ಟೋ ಜನ ಕಾಲೇಜು ಓದಿದೋರು, ಪೇಟೆ ಬಿಟ್ಟು ಹಳ್ಳಿಗೆ ಹೋಗೋಣ ಅಂತ ಹೊರಟೋರು, ಮನೇಲಿ ಯಾರೂ ಬಡಗಿಗಳಲ್ಲ. ಗುರುಗಳು ಯಾರು ಅಂದ್ರೆ ಬೀಳೋ ಸ್ಥಿತಿಲಿದ್ದ ಹಳೇ ದನದ ಕೊಟ್ಟಿಗೆಗಳು! ಅವನ್ನ ಬಿಚ್ಚೋದು, ರಿಪೇರಿ ಮಾಡೋದು, ಕೀಲು ಹೇಗೆ ಕೂತಿದೆ ಅಂತ ನೋಡಿ ನೋಡಿ ಕಲಿಯೋದು. ಟೆಡ್ ಬೆನ್ಸನ್ ಅನ್ನೋರು 1973ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಆಲ್‌ಸ್ಟೆಡ್ ಅನ್ನೋ ಪುಟ್ಟ ಊರಲ್ಲಿ ಶುರು ಮಾಡಿದ ವರ್ಕ್‌ಶಾಪು ಈಗ ಬೆನ್ಸನ್‌ವುಡ್ ಅಂತ ದೊಡ್ಡ ಕಂಪನಿ ಆಗಿದೆ. ಇನ್ನೊಂದು ತುದೀಲಿ ಜ್ಯಾಕ್ ಸೋಬನ್, ಮ್ಯಾಸಚುಸೆಟ್ಸ್‌ನ ಬರ್ಕ್‌ಶೈರ್ ಬೆಟ್ಟದ ಕಡೆಯೋರು, ಓದಿದ್ದು ಆರ್ಕಿಟೆಕ್ಚರ್, ಹೆಸರು ಮಾಡಿದ್ದು ಕೊಡಲಿ, ಉಳಿ ಹಿಡ್ದು ಸುತ್ತಲ ಕಾಡಿನ ಮರದಲ್ಲೇ ಕಟ್ಟೋದಕ್ಕೆ. ಇಂಥೋರೆಲ್ಲ 1980ರ ದಶಕದ ಮಧ್ಯದಲ್ಲಿ ಟಿಂಬರ್ ಫ್ರೇಮರ್ಸ್ ಗಿಲ್ಡ್ ಅಂತ ಸಂಘ ಕಟ್ಟಿಕೊಂಡ್ರು, ಅಲ್ಲಿ ಪೈಪೋಟಿಲಿರೋರೇ ಒಬ್ಬರಿಗೊಬ್ಬರು ಕೀಲಿನ ಲೆಕ್ಕಾಚಾರ ಹೇಳಿಕೊಡ್ತಾರೆ. ನಮ್ಮಲ್ಲಿ ಗುಟ್ಟು ಬಿಟ್ಕೊಡೋಕೆ ಎಷ್ಟು ವರ್ಷ ಹಿಡಿಯತ್ತೆ ಅಂತ ನಿಮಗೂ ಗೊತ್ತು.

ನಂದು ಫರ್ನಿಚರ್ ವರ್ಕ್‌ಶಾಪ್. ಇಂಥ ಸಣ್ಣ ಕಂಪನಿ ಒಳಗೆ ಯಾರ್ಯಾರು ಇರ್ತಾರೆ, ಗಿಟ್ಟತ್ತಾ? – ಬೆಂಗಳೂರಿನ ಓದುಗರು

ಸಣ್ಣದು ಅಂದ್ರೆ ನಾಲ್ಕೈದು ಜನ, ಜಾಸ್ತಿ ಅಂದ್ರೆ ಹತ್ತು ಹನ್ನೆರಡು. ಎಷ್ಟೋ ಕಡೆ ಗಂಡ ಹೆಂಡ್ತಿ ಸೇರಿ ನಡೆಸ್ತಾರೆ, ಒಬ್ಬರು ಮರ, ಒಬ್ಬರು ದುಡ್ಡು. ಲೆಕ್ಕ, ಫೋನು, ಗಿರಾಕಿ ತಕರಾರು, ಇನ್ಶೂರೆನ್ಸು, ಇದನ್ನೆಲ್ಲ ನೋಡೋರು ಫೋಟೋದಲ್ಲಿ ಕಾಣಲ್ಲ ಆದ್ರೆ ಅವರಿಲ್ಲ ಅಂದ್ರೆ ಅಂಗಡಿ ಬಾಗ್ಲು ಹಾಕ್ಬೇಕಾಗತ್ತೆ, ಇದನ್ನ ನಿಮಗೆ ಬಿಡಿಸಿ ಹೇಳ್ಬೇಕಿಲ್ಲ.

ಆಮೇಲೆ ಡಿಸೈನ್ ಮಾಡೋರು ಒಬ್ಬರು, ಈಗೆಲ್ಲ ಕಂಪ್ಯೂಟರಲ್ಲಿ ಪ್ರತಿ ತೊಲೆ, ಪ್ರತಿ ತೂತು ತ್ರೀ-ಡಿ ಬಿಡಿಸ್ತಾರೆ. ಸ್ಟ್ರಕ್ಚರಲ್ ಇಂಜಿನಿಯರ್ ಸಾಮಾನ್ಯವಾಗಿ ಹೊರಗಿನೋರು, ಮರದ ಕೀಲು ಗೊತ್ತಿರೋ ಇಂಜಿನಿಯರ್ ಸಿಗೋದೇ ಕಷ್ಟ, ಹಾಗಾಗಿ ಒಬ್ಬರೇ ಹತ್ತಾರು ಕಂಪನಿಗೆ ಲೆಕ್ಕ ಮಾಡಿ ಕೊಡ್ತಿರ್ತಾರೆ. ಸಾ ಮಿಲ್ಲಿನೋನು ಕಂಪನಿಯೋನಲ್ಲ ಆದ್ರೂ ಒಳಗಿನ ಮನುಷ್ಯನೇ ಅನ್ನಿ, ಯಾಕಂದ್ರೆ ತಿರುಚಿದ ಮರ ಕಳ್ಸಿದ್ರೆ ಮುಂದಿನ ಕೆಲಸ ಪೂರ್ತಿ ಹಾಳು. ಇನ್ನು ಕೆತ್ತೋರು. ಮೊದಲು ಲೇಔಟ್, ಅಂದ್ರೆ ಪೆನ್ಸಿಲ್ಲು ಮಟ್ಟಗೋಲು ಹಿಡ್ದು ಎಲ್ಲಿ ಕೊಯ್ಯಬೇಕು ಅಂತ ಗೆರೆ ಹಾಕೋದು, ಇದನ್ನ ಅಂಗಡಿಲಿ ಎಲ್ಲರ ಕೈಗೂ ಕೊಡಲ್ಲ, ಗೆರೆ ತಪ್ಪಿದ್ರೆ ತೊಲೆ ಹೋಯ್ತು, ತೊಲೆ ಅಂದ್ರೆ ಎಂಟಿಂಚು ಚೌಕದ 16 ಅಡಿ ಹಸಿ ಓಕ್ ಹತ್ತಿರಹತ್ತಿರ 200 ಕೆಜಿ ತೂಗತ್ತೆ, ಬಿಸಾಕಿ ಇನ್ನೊಂದು ತರೋದು ಸುಲಭ ಅಲ್ಲ. ಗೆರೆ ಆದ್ಮೇಲೆ ಕೊಯ್ಯೋದು, ತೂತು ಕೊರೆಯೋದು ಮೆಷಿನ್‌ನಲ್ಲಿ, ಕೊನೇ ಕೂದಲೆಳೆ ತೆಗೆಯೋದು ಉಳೀಲಿ.

ಚಳಿಗಾಲ ಪೂರ್ತಿ ಶೆಡ್ ಒಳಗೆ ಕೆತ್ತೋದು, ಹಿಮ ಕರಗಿದ ಮೇಲೆ ನಿಲ್ಸೋದು. ಮೇಲೆ ಬರೆದ ಶಿರಸಿ ಓದುಗರ ಮಗ ನೋಡಿದ ಎರಡು ದಿನದ ಹಿಂದೆ ಎರಡು ಮೂರು ತಿಂಗಳ ಕೆಲಸ ಇರತ್ತೆ. ನಿಲ್ಸೋ ದಿನ ಕ್ರೇನ್ ಬರತ್ತೆ, ಮನೆ ಯಜಮಾನರ ಕೈಗೂ ಮರದ ಸುತ್ತಿಗೆ ಕೊಟ್ಟು ಒಂದು ಗೂಟ ಹೊಡಿಸ್ತಾರೆ, ಕೊನೆಗೆ ಮೇಲಿನ ತುದೀಗೆ ಒಂದು ಹಸಿ ಪೈನ್ ಕೊಂಬೆ ಕಟ್ಟಿ ಊಟ ಹಾಕಿಸ್ತಾರೆ.

ಗಿಟ್ಟತ್ತಾ ಅಂದ್ರೆ, ಹೊಟ್ಟೆಪಾಡು ನಡೆಯತ್ತೆ, ಶ್ರೀಮಂತರಾಗೋರು ಕಮ್ಮಿ. ಇಡೀ ಮನೆ ಖರ್ಚಲ್ಲಿ ಈ ಚೌಕಟ್ಟಿನ ಪಾಲು ಸಣ್ಣದು, ಗಿರಾಕಿ ದುಡ್ಡು ಕಮ್ಮಿ ಬಿದ್ರೆ ಮೊದಲು ಕತ್ತರಿ ಹಾಕೋದೂ ಅದಕ್ಕೇ, ಮೊಳೆ ಮನೆ ಅಗ್ಗಕ್ಕೆ ಸಿಗುವಾಗ ಇದು ಬೇಕೇಬೇಕು ಅಂತೇನಿಲ್ಲವಲ್ಲ. ಹಾಗಾಗಿ ವರ್ಷಕ್ಕೆ ಕೈಬೆರಳೆಣಿಕೆಯ ಮನೆ, ನಡುವೆ ಕೊಟ್ಟಿಗೆ, ಪಾರ್ಕಿನ ಮಂಟಪ, ಚರ್ಚ್ ರಿಪೇರಿ ಹೀಗೆ ಏನೇನೋ ಹಿಡ್ಕೊಂಡು ಅಂಗಡಿ ನಡೆಸ್ತಾರೆ. ಬೆಳೆಯೋದು ಬೇಡ ಅಂತ ಬೇಕಂತಲೇ ಸಣ್ಣದಾಗಿ ಇರೋರೂ ಇದಾರೆ, ಬೆಳೆದ್ರೆ ಉಳಿ ಬಿಟ್ಟು ಮೀಟಿಂಗ್ ಹಿಡೀಬೇಕು ಅಂತ.

ಮೊಳೆ ಬೋಲ್ಟು ಇಲ್ದೆ ನಿಲ್ಲತ್ತೆ ಅಂದ್ರೆ ನಂಬೋದು ಹೆಂಗೆ ಸಾರ್? ಹಸಿ ಮರ ಬೇರೆ ಅಂತೀರಾ, ಸೀಳಲ್ವಾ? – ದಾವಣಗೆರೆ, ಸಿವಿಲ್ ವಿದ್ಯಾರ್ಥಿ

ಸೀಳತ್ತೆ. ಒಣಗ್ತಾ ಒಣಗ್ತಾ ಪಟ್ ಅಂತ ಸದ್ದು ಮಾಡಿ ಉದ್ದಕ್ಕೆ ಬಿರುಕು ಬಿಡತ್ತೆ, ಗಿರಾಕಿ ರಾತ್ರಿ ಫೋನ್ ಮಾಡಿ ಮನೆ ಬೀಳ್ತಿದೆ ಅಂತಾರೆ, ಬೀಳಲ್ಲ, ಎಳೆ ಉದ್ದಕ್ಕೂ ಬಿಡೋ ಅಂಥ ಬಿರುಕಿಂದ ಸಾಮಾನ್ಯವಾಗಿ ತೊಲೆ ಬಲಕ್ಕೆ ತೊಂದ್ರೆ ಇಲ್ಲ. ಇಷ್ಟು ದಪ್ಪ ಮರ ಪೂರ್ತಿ ಒಣಗೋಕೆ ವರ್ಷಗಟ್ಲೆ ಬೇಕು, ಅದಕ್ಕೇ ಹಸೀಲೇ ಕೆತ್ತೋದು, ಕೆತ್ತೋಕೂ ಮೆತ್ತಗಿರತ್ತೆ. ಮರ ಅಡ್ಡಕ್ಕೆ ಕುಗ್ಗತ್ತೆ, ಉದ್ದಕ್ಕೆ ಕುಗ್ಗೋದು ಇಲ್ಲ ಅನ್ನೋಷ್ಟು ಕಮ್ಮಿ, ಕೀಲಿನ ಲೆಕ್ಕ ಎಲ್ಲ ಇದರ ಮೇಲೇ.

ಜೋಡಣೆ ಹೇಗಂದ್ರೆ ಒಂದು ತೊಲೆ ತುದೀಲಿ ನಾಲಗೆ ಬಿಟ್ಟು ಇನ್ನೊಂದರಲ್ಲಿ ಅದು ಕೂರೋ ತೂತು ಕೊರೆದು, ಎರಡನ್ನೂ ದಾಟಿ ಹೋಗೋ ಹಾಗೆ ಒಣಗಿದ ಓಕ್ ಗೂಟ, ಸಾಮಾನ್ಯವಾಗಿ ಒಂದಿಂಚು ದಪ್ಪದ್ದು, ಹೊಡೆಯೋದು. ಗುಟ್ಟಿರೋದು ಗೂಟದ ತೂತಲ್ಲಿ, ನಾಲಗೆಲಿರೋ ತೂತನ್ನ ಬೇಕಂತಲೇ ಮೂರು ಮಿಲಿಮೀಟರ್‌ನಷ್ಟು ನಾಲಗೆಯ ಬುಡದ ಕಡೆಗೆ ಸರಿಸಿ ಕೊರೆದಿರ್ತಾರೆ, ಗೂಟ ಸೊಟ್ಟಗಾಗ್ಕೊಂಡು ಒಳಗೆ ಹೋಗ್ತಾ ಕೀಲನ್ನ ಬಿಗಿಯಾಗಿ ಎಳ್ಕೊಳ್ಳತ್ತೆ. ಮರ ಒಣಗಿ ಕುಗ್ಗಿದ್ರೂ ಆ ಬಿಗಿ ಇರತ್ತೆ. ಮೂಲೆಮೂಲೆಗೆ ಓರೆ ಆನಿಕೆ ಕೊಟ್ಟಿರ್ತಾರೆ, ಗಾಳಿ ತಡೆಯೋದು ಅದು. ಹಾಂ, ಬೆಂಕಿ ಬಗ್ಗೆ ನೀವು ಕೇಳಿಲ್ಲ ಆದ್ರೂ ಹೇಳ್ಬಿಡ್ತೀನಿ, ದಪ್ಪ ತೊಲೆ ಗಂಟೆಗೆ ಸುಮಾರು ಒಂದೂವರೆ ಇಂಚು ಮಾತ್ರ ಕರಕಲಾಗತ್ತೆ, ಇಂಜಿನಿಯರ್‌ಗಳು ಅಷ್ಟನ್ನ ಲೆಕ್ಕಕ್ಕೆ ಹಿಡ್ದೇ ದಪ್ಪ ಇಡ್ತಾರೆ.

ಮೆಷಿನ್ ಬಂದ್ಮೇಲೆ ಈ ಕೈ ಕೆಲಸದೋರ ಗತಿ? – ಹುಬ್ಬಳ್ಳಿ

ಜರ್ಮನಿಯ ಹುಂಡೆಗ್ಗರ್ ಮೆಷಿನ್ ಅಂತ ಬರತ್ತೆ, ಕಂಪ್ಯೂಟರ್ ನಕ್ಷೆ ಕೊಟ್ರೆ ತೊಲೆ ಒಳಗೆ ಹೋಗಿ ಕೀಲು ಸಮೇತ ಹೊರಗೆ ಬರತ್ತೆ. ದುಬಾರಿ, ಸಣ್ಣೋರು ಕೊಳ್ಳಲ್ಲ, ಮೆಷಿನ್ ಇರೋ ಹತ್ರ ಕೂಲಿಗೆ ಕೊಯ್ಸಿಕೊಂಡು ಬರ್ತಾರೆ. ಇದನ್ನ ದ್ರೋಹ ಅನ್ನೋರೂ ಇದಾರೆ, ಬೆನ್ನು ಉಳೀತು ಅನ್ನೋರೂ ಇದಾರೆ, ನನಗೆ ಎರಡನೇದೇ ಸರಿ ಅನ್ಸತ್ತೆ, ಐವತ್ತು ವರ್ಷ ದಾಟಿದ ಬಡಗಿ ಬೆನ್ನನ್ನ ಒಂದ್ಸಲ ವಿಚಾರಿಸಿ ನೋಡಿ. ಹಾಗಂತ ಕೈ ಕೆಲಸ ಕಲ್ತಿದ್ದು ದಂಡ ಆಗಿಲ್ಲ. 2019ರಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟು ಹೋಯ್ತಲ್ಲ, ಅದನ್ನ ಮತ್ತೆ ಹಸಿ ಓಕಲ್ಲಿ, ಕೊಡಲೀಲಿ ಕೆತ್ತೇ ಕಟ್ಟಿದ್ರು, ಆ ಬಡಗಿಗಳ ಜೊತೆ ಅಮೆರಿಕದ ಇಂಥದೇ ಸಣ್ಣ ಅಂಗಡಿಗಳಿಂದ ಹೋಗಿ ಕೆಲಸ ಮಾಡಿದೋರೂ ಇದ್ರು. ಯಾವ ಕಸುಬು ಅವರಿಗೆ ಪರಂಪರೆಯಿಂದ ಬಂದಿರಲಿಲ್ವೋ ಅದನ್ನೇ ಹಿಡ್ಕೊಂಡು ಪರಂಪರೆ ಇರೋ ದೇಶಕ್ಕೆ ಹೋಗಿದ್ದು!

ನ್ಯೂ ಜೆರ್ಸಿಲಿ ಇದೀವಿ, ಇಂಥ ಮನೆ ಕಟ್ಟಿಸ್ಬೇಕು ಅಂತಿದೆ, ಕಂಪನಿಯೋರ ಹತ್ರ ಏನು ಕೇಳ್ಬೇಕು?

ಅವರು ಹತ್ತು ವರ್ಷದ ಹಿಂದೆ ಕಟ್ಟಿದ ಮನೆ ತೋರ್ಸಿ ಅನ್ನಿ, ಹೊಸ ಮನೆ ಎಲ್ಲಾರ್ದೂ ಚೆನ್ನಾಗಿರತ್ತೆ. ಅವರು ಕೊಡೋದು ಬರೀ ಚೌಕಟ್ಟಾ ಅಥವಾ ಗೋಡೆನೂ ಸೇರಿಸಿಯಾ ಅಂತ ಬರವಣಿಗೆಲಿ ತಗೊಳ್ಳಿ. ಚೌಕಟ್ಟಿನ ಹೊರಗೆ ಮೈಗೆ ಸುತ್ತೋ ಫೋಮ್ ಪ್ಯಾನೆಲ್ ಇರತ್ತಲ್ಲ, ಅಲ್ಲಿನ ಚಳಿಗೆ ಮನೆ ಬೆಚ್ಚಗಿರೋದು ಅದರಿಂದ, ಅದರ ಸಂದಲ್ಲಿ ಗಾಳಿ ನುಗ್ಗಿದ್ರೆ ಎಷ್ಟು ಚೆಂದದ ತೊಲೆ ಇದ್ರೂ ಕರೆಂಟ್ ಬಿಲ್ ಕಟ್ಟಿ ಸಾಕಾಗತ್ತೆ. ಅದನ್ನ ಯಾರು ಹಾಕ್ತಾರೆ ಕೇಳಿ. ವೈರಿಂಗ್ ಎಲ್ಲೆಲ್ಲಿ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ತೊಲೆ ಕೊರೆಸೋಕಾಗಲ್ಲ.

ನಮ್ಮ ಮಲೆನಾಡಿನ ತೊಟ್ಟಿ ಮನೇಲೂ ಇದೇ ಕಂಬ, ತೊಲೆ, ಜಂತೆ ಇದ್ವಲ್ಲ. ನಮ್ಮೋರು ಯಾಕೆ ಇಂಥ ಕಂಪನಿ ಮಾಡ್ಲಿಲ್ಲ? – ತೀರ್ಥಹಳ್ಳಿಯ ಓದುಗರು

ಈ ಪ್ರಶ್ನೆ ಬರ್ಲಿ ಅಂತಲೇ ಕಾಯ್ತಿದ್ದೆ. ಕೈ ಇತ್ತು, ಈಗಲೂ ಅಲ್ಲಿ ಇಲ್ಲಿ ಇದೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ ನೋಡಿ, ಬ್ಯಾಂಕ್ ನೌಕರಿಲಿದ್ದ ವಿಜಯನಾಥ ಶೆಣೈ ಅವರು ಕೆಡವೋಕೆ ಹೊರಟಿದ್ದ ಹಳೇ ಮನೆಗಳನ್ನ ಬಿಚ್ಚಿಸಿ ತಂದು ಮತ್ತೆ ನಿಲ್ಸಿದಾರೆ, ಹರ್ಕೂರು ಮನೆ, ಮಿಯಾರು ಮನೆ ಎಲ್ಲ. ಗೂಟದ ಮನೆ ಆದ್ರಿಂದ ಬಿಚ್ಚೋಕಾಯ್ತು, ಕಾಂಕ್ರೀಟ್ ಆಗಿದ್ರೆ ಆಗ್ತಿತ್ತಾ? ಅದನ್ನ ಬಿಚ್ಚಿ ಜೋಡಿಸಿದ್ದು ನಮ್ಮ ಆಚಾರ್ರೇ.

ಆದ್ರೆ ಮರ ಎಲ್ಲಿ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಮೀನಿನ ಮರ ಕಡಿಯೋಕೂ ಅನುಮತಿ ಬೇಕು, ಸಿಲ್ವರ್ ಓಕ್, ನೀಲಗಿರಿ ಥರ ಕೆಲವಕ್ಕೆ ಮಾತ್ರ ವಿನಾಯ್ತಿ, ಬೀಟೆ ಸಾಗುವಾನಿ ಕಥೆ ಕೇಳೋದೇ ಬೇಡ. ಕಾಯ್ದೆ ಬೇಕಿತ್ತು, ಇಲ್ಲಾಂದ್ರೆ ಘಟ್ಟದಲ್ಲಿ ಏನು ಉಳೀತಿತ್ತೋ. ಆದ್ರೆ ಮರ ಒಂದೇ ಕಾರಣ ಅಂತ ನಾನು ಒಪ್ಪಲ್ಲ. ನ್ಯೂ ಇಂಗ್ಲೆಂಡಿನೋರಿಗೆ ಕಸುಬು ಗೊತ್ತಿರಲಿಲ್ಲ, ಅದಕ್ಕೇ ಕಲಿಯೋಕೆ ಸಂಘ, ಹೇಳ್ಕೊಡೋಕೆ ಶಾಲೆ, ಲೆಕ್ಕಕ್ಕೆ ಇಂಜಿನಿಯರ್ ಎಲ್ಲ ಮಾಡ್ಕೊಂಡ್ರು. ನಮ್ಮಲ್ಲಿ ಕಸುಬು ಗೊತ್ತಿದ್ದ ಆಚಾರ್ರನ್ನ ದಿನಗೂಲಿ ಲೆಕ್ಕದಲ್ಲಿ ಕರೆದು, ಮನೆ ಪ್ಲಾನ್ ಇಂಜಿನಿಯರ್ ಕೈಲಿ, ಒಪ್ಪಂದ ಕಂಟ್ರಾಕ್ಟರ್ ಕೈಲಿ ಕೊಟ್ವಿ. ಹೆಸರು ಹಾಕೋಕೆ ಆಚಾರ್ರಿಗೆ ಬೋರ್ಡೇ ಇರಲಿಲ್ಲ. ಮಗ ಯಾಕೆ ಉಳಿ ಹಿಡೀತಾನೆ ಹೇಳಿ, ಮಂಗ್ಳೂರಿಗೋ ಗಲ್ಫಿಗೋ ಹೋಗಿ ಅಲ್ಯುಮಿನಿಯಂ ಕಿಟಕಿ ಹಾಕ್ತಾನೆ, ದುಡ್ಡೂ ಜಾಸ್ತಿ. ಹಳೇ ಮನೆ ಕೆಡವಿದ ತೊಲೆ ಕೊಂಡು ಹೋಂಸ್ಟೇ ಕಟ್ಟೋರು ಈಗ ಅಲ್ಲಲ್ಲಿ ಆಚಾರ್ರನ್ನ ಹುಡುಕ್ತಿದಾರೆ, ಅವರ ಜೊತೆ ಪಾಲುದಾರಿಕೆ ಮಾಡ್ಕೊಂಡೋರು ಯಾರಾದ್ರೂ ಇದ್ರೆ ಬರೀರಿ, ಹಾಕ್ತೀನಿ.

ಗೆದ್ದಲು ಹಿಡಿಯಲ್ವಾ? – ಉಡುಪಿ

ನ್ಯೂ ಹ್ಯಾಂಪ್‌ಶೈರ್ ಚಳಿಗೆ ಗೆದ್ದಲಿನ ಕಾಟ ಕಮ್ಮಿ, ಅಲ್ಲಿ ಮುಖ್ಯ ಶತ್ರು ನೀರು. ನಿಮ್ಮೂರಲ್ಲಾದ್ರೆ ಕಂಬದ ಬುಡಕ್ಕೆ ಕಲ್ಲಿನ ಪೀಠ ಇರ್ಲೇಬೇಕು, ಮರ ಮಣ್ಣು ಮುಟ್ಟಬಾರದು, ಸೂರು ಮುಂದಕ್ಕೆ ಚಾಚಿರಬೇಕು, ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಂದ್ಸಲ ಟಾರ್ಚ್ ಹಿಡ್ದು ಅಟ್ಟ ಹತ್ತಿ ನೋಡ್ಬೇಕು. ಮಣ್ಣಿನ ಗೆರೆ ಕಂಡ್ರೆ ಅವತ್ತೇ ಕೆರೆದು ಔಷಧಿ ಹೊಡ್ಸಿ, ನಾಳೆ ಅನ್ಬೇಡಿ.