ಸೆಟರ್‌ಗೆ ಬೀಗ ಹಾಕಿ ಗೆಟರ್‌ನಲ್ಲಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೀರಿ

ನಿಮ್ಮ ಪೈಥಾನ್ ಪ್ರೋಗ್ರಾಂನ ‘ವಿದ್ಯಾರ್ಥಿ’ ಕ್ಲಾಸ್ ನೋಡಿದೆ. ಅಂಕ 0ರಿಂದ 100ರೊಳಗಿರಬೇಕೆಂದು ಸೆಟರ್‌ನಲ್ಲಿ (ಬೆಲೆ ತುಂಬುವ ಫಂಕ್ಷನ್) ತಪಾಸಣೆ ಇಟ್ಟಿದ್ದರೂ ಪಟ್ಟಿಗೆ 140 ಹೇಗೆ ನುಸುಳಿತು ಎಂದು ಕೇಳಿದ್ದೀರಿ. ಎಡವಿರುವುದು ಗೆಟರ್‌ನಲ್ಲಿ, ಅಂದರೆ ಬೆಲೆ ಓದಿ ಕೊಡುವ ಫಂಕ್ಷನ್‌ನಲ್ಲಿ. ಒಳಗಿನ ಲಿಸ್ಟನ್ನೇ ಎತ್ತಿ ಕೊಡುತ್ತಿದ್ದೀರಿ. ಹೊರಗಿನ ಕೋಡ್ ಅದರ ಕೊನೆಗೆ ಹೊಸ ಅಂಕ ಸೇರಿಸಿದರೆ (ಅಪೆಂಡ್) ಸೆಟರ್ ಓಡುವುದೇ ಇಲ್ಲ.

ಇದೇ ತಪ್ಪಿಗೆ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ. ಒಂದು ಹಾಲಿನ ಡೇರಿಗೆ ಪೈಥಾನ್‌ನಲ್ಲಿ ಬಿಲ್ಲಿನ ಪ್ರೋಗ್ರಾಂ ಬರೆದಿದ್ದೆ. ದಿನಾಂಕಗಳಿಗೆಲ್ಲ ಒಂದು ಲಿಸ್ಟ್, ಹಾಲಿನ ಫ್ಯಾಟ್‌ಗೆ ಇನ್ನೊಂದು ಲಿಸ್ಟ್, ಎರಡಕ್ಕೂ ಸ್ಥಾನದಿಂದಷ್ಟೇ ಜೋಡಿ (ಅದೇ ಮೊದಲ ಪೆದ್ದುತನ, ಇರಲಿ). ವರದಿಯಲ್ಲಿ ಹೆಚ್ಚು ಫ್ಯಾಟ್ ಮೇಲೆ ಬರಲೆಂದು ಗೆಟರ್ ಕೊಟ್ಟ ಲಿಸ್ಟಿನ ಮೇಲೆ ಸಾರ್ಟ್ ಕರೆದೆ. ಸಾರ್ಟ್ ನಕಲು ಮಾಡುವುದಿಲ್ಲ, ಇದ್ದಲ್ಲಿಯೇ ಅದಲುಬದಲು ಮಾಡುತ್ತದೆ. 3.4 ಫ್ಯಾಟ್ ಬಂದ ದಿನಕ್ಕೆ 4.6ರ ದರ ಬಿತ್ತು. ಬಿಲ್ಲನ್ನು ವರದಿಗಿಂತ ಮೊದಲು ತೆಗೆದರೆ ಎಲ್ಲವೂ ಸರಿ! ನಾನು ಪರೀಕ್ಷಿಸುವಾಗ ಯಾವಾಗಲೂ ಬಿಲ್ಲನ್ನೇ ಮೊದಲು ತೆಗೆಯುತ್ತಿದ್ದೆ.

ಅಂದಿನಿಂದ ನನ್ನ ಗೆಟರ್ ಲಿಸ್ಟನ್ನು ಟ್ಯೂಪಲ್ (ತಿದ್ದಲಾಗದ ಪಟ್ಟಿ) ಮಾಡಿಯೇ ಕೊಡುತ್ತದೆ. ಸೇರಿಸುವುದಕ್ಕೆ ಬೇರೆ ಮೆಥಡ್, ತಪಾಸಣೆ ಅಲ್ಲಿಯೂ ಇರುತ್ತದೆ. ಸೆಟರ್ ಕೂಡ ಬಂದ ಲಿಸ್ಟಿನ ಪ್ರತಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಕೊಟ್ಟವನ ಕೈಯಲ್ಲಿ ಅದೇ ಲಿಸ್ಟ್ ಉಳಿದಿರುತ್ತದೆ. ಆದರೆ ಟ್ಯೂಪಲ್ ಒಳಗಿರುವುದು ಬದಲಾಗಬಲ್ಲ ಆಬ್ಜೆಕ್ಟ್ ಆದರೆ ಈ ಕಾವಲು ಸಾಲದು. ದೊಡ್ಡ ಲೂಪಿನೊಳಗೆ ಪ್ರತಿ ಸಲ ಪ್ರಾಪರ್ಟಿ (ಗೆಟರ್, ಸೆಟರ್ ಎರಡನ್ನೂ ಒಂದೇ ಹೆಸರಿಗೆ ಕಟ್ಟಿದ್ದು) ಕರೆದರೆ ಪ್ರತಿ ಸಲವೂ ನಕಲಾಗುತ್ತದೆ, ಲೂಪಿಗೆ ಮೊದಲೇ ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ.

ಜಾವಾದವರು ನಗಬೇಡಿ. ಅನ್‌ಮಾಡಿಫೈಯಬಲ್ ಲಿಸ್ಟ್ ಎನ್ನುವುದು ಬರೀ ಕಿಟಕಿ. ಮೂಲ ಬದಲಾದರೆ ಅಲ್ಲಿಯೂ ಬದಲಾಗಿ ಕಾಣುತ್ತದೆ. ಜಾವಾ 10ರಿಂದ ಲಿಸ್ಟ್‌ಗೆ ತಿದ್ದಲಾಗದ ಪ್ರತಿ ಕೊಡುವ ಕಾಪಿಆಫ್ ಇದೆ, ಅದನ್ನು ಬಳಸಿ. ಗೆಟರ್, ಸೆಟರ್‌ಗಳನ್ನು ತಾನೇ ಬರೆದುಕೊಡುವ ಜಾವಾ ಲೈಬ್ರರಿ ಲಾಂಬಾಕ್‌ನ ಡೇಟಾ ಅನೊಟೇಷನ್ (ಕ್ಲಾಸಿನ ಮೇಲೆ ಹಾಕುವ ಗುರುತು) ನನಗಂತೂ ಸೇರುವುದಿಲ್ಲ: ಫೈನಲ್ ಅಲ್ಲದ ಫೀಲ್ಡಿಗೆಲ್ಲ ಕೇಳದೆಯೇ ಸೆಟರ್ ಹಂಚುತ್ತದೆ. ಎಲ್ಲಕ್ಕೂ ಸೆಟರ್ ಕೊಡುವುದಾದರೆ ಫೀಲ್ಡನ್ನು ಪ್ರೈವೇಟ್ ಮಾಡುವ ನಾಟಕವೇಕೆ?

ಇನ್ನೊಂದು: ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್‌ನಲ್ಲಿ ನೀವು ನೇರವಾಗಿ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಒಳಗಿನ ಹೆಸರಿಗೆ ಬೆಲೆ ಕೊಟ್ಟಿದ್ದೀರಿ, ಆರಂಭದ ಅಂಕಗಳಿಗೆ ತಪಾಸಣೆಯೇ ಇಲ್ಲ. ಅಲ್ಲಿ ಪ್ರಾಪರ್ಟಿಯ ಹೆಸರನ್ನೇ ಬಳಸಿ. ಸೆಟರ್ ಒಳಗೆ ಮಾತ್ರ ಅಂಡರ್‌ಸ್ಕೋರ್ ಮರೆಯಬೇಡಿ. ಮರೆತರೆ ಅದು ತನ್ನನ್ನೇ ಕರೆದುಕೊಳ್ಳುತ್ತಾ ಸುಮಾರು 1000 ಸುತ್ತಿನಲ್ಲಿ ರಿಕರ್ಷನ್ ಎರರ್ ಕೊಟ್ಟು ನಿಲ್ಲುತ್ತದೆ. ಹೆಸರಿನ ಅಕ್ಷರ ತಪ್ಪಿದರೆ ಅಷ್ಟೂ ಸದ್ದಾಗುವುದಿಲ್ಲ, ಪೈಥಾನ್ ಸುಮ್ಮನೆ ಹೊಸ ಆಟ್ರಿಬ್ಯೂಟ್ ಹುಟ್ಟಿಸುತ್ತದೆ. ನಿಮ್ಮ ಕೊನೆಯ ಸಾಲಿನಲ್ಲಿ ‘ಮಾರ್ಕ್ಸ್’ ಬದಲು ‘ಮಾರ್ಕ್’ ಎಂದಿದೆ, ನೋಡಿ.