ಎರಡು ಗಾಜಿನ ನಡುವೆ ಮಬ್ಬು: ಕಿಟಕಿ ಬದಲಿಸಬೇಕಾ, ಗಾಜು ಸಾಕಾ?

ಗಾಜು ಸಾಕು. ಫ್ರೇಮ್ ಗಟ್ಟಿಯಾಗಿದ್ದರೆ ಅದನ್ನು ಕೀಳಿಸಬೇಡಿ.

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಅನಿಸಿತು. ಹಳೇ ಮರದ ಫ್ರೇಮ್, ಡಬಲ್ ಗ್ಲೇಜಿಂಗ್, ಎರಡು ಗಾಜಿನ ನಡುವೆ ಒರೆಸಲು ಕೈಗೆ ಸಿಗದ ಮಬ್ಬು. ಒಬ್ಬರು ಇಡೀ ಕಿಟಕಿ ತೆಗೆಸಿ ಅಂದಿದ್ದಾರೆ, ಇನ್ನೊಬ್ಬರು ಗಾಜಿಗೆ ತೂತು ಕೊರೆದು ಒಣಗಿಸಿ ಕೊಡ್ತೀನಿ ಅಂದಿದ್ದಾರೆ. ಎರಡೂ ಬೇಡ. ಆದರೆ ಗಾಜು ಬದಲಿಸಿ ಕೈತೊಳೆದುಕೊಂಡರೂ ಆಗುವುದಿಲ್ಲ. ನಾನು ಹಾಗೇ ಮಾಡಿದೆ. ಎರಡು ವರ್ಷ ತುಂಬುವ ಮೊದಲೇ ಹೊಸ ಗಾಜಿನೊಳಗೂ ಅದೇ ಮಬ್ಬು ಬಂತು.

ಮೊದಲು ಮಬ್ಬು ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಬೆಳಗ್ಗೆ ಹೊರಮುಖದ ಮೇಲೆ ಕೂತು ಬಿಸಿಲೇರಿದ ಮೇಲೆ ಹೋಗುವ ಹನಿ ದೋಷವೇ ಅಲ್ಲ. ಕೋಣೆಯ ಶಾಖ ಹೊರಗಿನ ಗಾಜಿನವರೆಗೆ ಸೋರುತ್ತಿಲ್ಲ ಅನ್ನುವುದಕ್ಕೆ ಅದು ಗುರುತು. ಕೋಣೆಯ ಕಡೆ ಮಬ್ಬು ಕಟ್ಟಿದರೆ ಮನೆಯೊಳಗಿನ ಗಾಳಿಯಲ್ಲಿ ತೇವ ಜಾಸ್ತಿ ಅಂತ ಅರ್ಥ, ಕಿಟಕಿ ಸ್ವಲ್ಪ ತೆರೆದಿಡಿ. ಎರಡೂ ಕಡೆ ಒರೆಸಿದರೂ ಹೋಗದಿದ್ದರೆ ಮಾತ್ರ ಮುಂದಿನ ಮಾತು.

ಡಬಲ್ ಗ್ಲೇಜಿಂಗ್ ಅಂದರೆ ಸುಮ್ನೆ ಎರಡು ಗಾಜು ಜೋಡಿಸಿದ್ದಲ್ಲ. ಎರಡರ ನಡುವೆ ಅಂಚಿನ ಸುತ್ತಲೂ ಒಂದು ಟೊಳ್ಳು ಪಟ್ಟಿ ಇರುತ್ತದೆ, ಅದಕ್ಕೆ ಸ್ಪೇಸರ್ ಅಂತಾರೆ. ಹಳೆಯವುಗಳಲ್ಲಿ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಅದರೊಳಗೆ ತೇವ ಹೀರುವ ಸಣ್ಣ ಕಾಳುಗಳಿರುತ್ತವೆ. ಹೊಸ ಶೂ ಡಬ್ಬಿಯಲ್ಲಿ ಪುಟ್ಟ ಪೊಟ್ಟಣ ಸಿಗುತ್ತದಲ್ಲ, ಆ ಜಾತಿಯವು. ಸ್ಪೇಸರಿಗೂ ಗಾಜಿಗೂ ನಡುವೆ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಇನ್ನೊಂದು ಸುತ್ತು. ಹಗಲು ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಈ ಎಳೆದಾಟವನ್ನು ಅಂಚಿನ ಅಂಟು ದಿನವೂ ತಡೆಯಬೇಕು. ಎಲ್ಲೋ ಕೂದಲೆಳೆಯಷ್ಟು ಬಿಟ್ಟುಕೊಂಡರೂ ಸಾಕು, ಒಳಗಿನ ಗಾಳಿ ಕುಗ್ಗುವಾಗ ಹೊರಗಿನ ತೇವ ಒಳಗೆ ಬರುತ್ತದೆ. ಕಾಳುಗಳು ಆದಷ್ಟು ದಿನ ಹೀರುತ್ತವೆ. ಅವುಗಳ ಹೊಟ್ಟೆ ತುಂಬಿದ ಮೇಲೆ ನಿಮಗೆ ಮಬ್ಬು ಕಾಣುತ್ತದೆ. ಅಂಚು ಕೆಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು.

ಅಂಚು ಬೇಗ ಕೆಡುವುದಕ್ಕೆ ದೊಡ್ಡ ಕಾರಣ ನೀರು. ಗಾಜಿಗೆ ಬಡಿಯುವ ಮಳೆ ಅಲ್ಲ, ಗಾಜು ಕೂರುವ ಕೆಳಗಿನ ಕಚ್ಚಿನಲ್ಲಿ ನಿಂತುಬಿಡುವ ನೀರು. ನಾನು ಎರಡನೇ ಸಲ ಬಿಚ್ಚಿದಾಗ ಕೆಳಗಿನ ಬೀಡಿಂಗಿನಲ್ಲಿ, ಅಂದರೆ ಗಾಜನ್ನು ಫ್ರೇಮಿಗೆ ಹಿಡಿದಿಡುವ ತೆಳು ಪಟ್ಟಿಯಲ್ಲಿ, ನೀರು ಹೋಗಲು ಬಿಟ್ಟಿದ್ದ ಪುಟ್ಟ ತೂತುಗಳು ಕಂಡವು. ಯಾರೋ ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣ ಬಳಿದು ಅವನ್ನು ಮುಚ್ಚಿಬಿಟ್ಟಿದ್ದರು. ಕಚ್ಚಿನಲ್ಲಿ ಮರ ಕಪ್ಪಾಗಿತ್ತು, ಗಾಜಿನ ಕೆಳಗಿನ ಅಂಚು ಒದ್ದೆಯಲ್ಲೇ ಕೂತಿತ್ತು. ಮೊದಲ ಸಲ ನಾನು ಅದನ್ನು ನೋಡಿಯೂ ನೋಡಿರಲಿಲ್ಲ. ಹೊಸ ಗಾಜು ಕೂರಿಸುವ ಉತ್ಸಾಹ, ನೋಡಿ. ಸಾಲದ್ದಕ್ಕೆ ಅಗಸೆ ಎಣ್ಣೆಯ ಪುಟ್ಟಿ ಹಾಕಿದ್ದೆ. ಒಂಟಿ ಗಾಜಿಗೆ ಅದು ಸರಿ, ಆದರೆ ಆ ಎಣ್ಣೆ ಡಬಲ್ ಗಾಜಿನ ಅಂಚಿನ ಅಂಟನ್ನು ಮೆದುಮಾಡಿ ಹಾಳುಮಾಡುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನೂ ಬೇಡ. ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಅಂತ ಇರುವುದನ್ನೇ ಕೇಳಿ ತನ್ನಿ.

ಈಗ ಅಳತೆ. ಇಲ್ಲಿ ಅವಸರ ಮಾಡಬೇಡಿ. ಬೀಡಿಂಗ್ ತೆಗೆದು ಹಳೇ ಗಾಜಿನ ಅಂಚಿನಿಂದ ಅಂಚಿಗೆ ಅಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಜೊತೆಗೆ ಕಚ್ಚಿನ ಅಗಲ, ಎತ್ತರ ಎರಡನ್ನೂ ಮೂರು ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನು ಹಿಡಿಯಿರಿ. ಹಳೇ ಫ್ರೇಮು ಯಾವುದೋ ಒಂದು ಕಡೆ ವಾಲಿಯೇ ಇರುತ್ತದೆ, ಕರ್ಣ ಅಳೆದರೆ ಗೊತ್ತಾಗುತ್ತದೆ. ಪ್ರತಿ ಬದಿಗೆ 3 ಮಿ.ಮೀ. ಸಂದು ಬಿಡಬೇಕು, ಅಂದರೆ ಅಗಲ, ಎತ್ತರ ಎರಡರಲ್ಲೂ ಗಾಜು ಕಚ್ಚಿನ ಅಳತೆಗಿಂತ 6 ಮಿ.ಮೀ. ಕಡಿಮೆ.

ದಪ್ಪ ಹೇಳುವಾಗ ಮೂರು ಅಂಕಿ ಹೇಳಿ: ಗಾಜು, ನಡುವಿನ ಜಾಗ, ಗಾಜು. 4-12-4 ಅಂದರೆ 20 ಮಿ.ಮೀ. ಹಳೇ ಮರದ ಫ್ರೇಮುಗಳಲ್ಲಿ 4-6-4, ಅಂದರೆ 14 ಮಿ.ಮೀ.ಗಷ್ಟೇ ಜಾಗ ಇರುವುದೂ ಉಂಟು. ನಡುವಿನ ಜಾಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ, ಸುಮಾರು 16 ಮಿ.ಮೀ.ವರೆಗೆ ಅದು ನಿಜ. ಆಮೇಲೆ ಒಳಗಿನ ಗಾಳಿಯೇ ಸುತ್ತಲು ಶುರುಮಾಡಿ ಶಾಖ ಸಾಗಿಸುತ್ತದೆ. ಕಚ್ಚು ತೀರಾ ಕಡಿಮೆ ಆಳದ್ದಾಗಿದ್ದರೆ ಸ್ಪೇಸರ್ ಹೊರಗೆ ಇಣುಕುತ್ತದೆ. ಕಣ್ಣಿಗೆ ಕೆಟ್ಟದ್ದು ಅನ್ನುವುದು ಬಿಡಿ, ಪಾಲಿಸಲ್ಫೈಡ್ ಅಂಟಿಗೆ ಬಿಸಿಲು ಆಗಿಬರುವುದಿಲ್ಲ. ಎತ್ತರದ ಬೀಡಿಂಗ್ ಮಾಡಿಸಿ ಅಂಚು ಮುಚ್ಚಿ.

ಹಳೇ ಗಾಜಿಗೆ ಶಾಖ ತಡೆಯುವ ಲೇಪನ ಇತ್ತೇ ಅಂತ ನೋಡಲು ಒಂದು ಉಪಾಯ ಇದೆ. ಕತ್ತಲಲ್ಲಿ ಲೈಟರ್ ಹಚ್ಚಿ ಗಾಜಿನ ಮುಂದೆ ಹಿಡಿಯಿರಿ. ಎರಡು ಗಾಜಿಗೆ ನಾಲ್ಕು ಮುಖ, ಹಾಗಾಗಿ ನಾಲ್ಕು ಜ್ವಾಲೆ ಕಾಣುತ್ತವೆ. ಅದರಲ್ಲೊಂದು ಬೇರೆ ಬಣ್ಣದ್ದಾಗಿದ್ದರೆ ಲೇಪನ ಇದೆ. ಮಬ್ಬು ಜಾಸ್ತಿ ಇದ್ದರೆ ಪಕ್ಕದ ಸರಿಯಿರುವ ಕಿಟಕಿಯಲ್ಲಿ ನೋಡಿ. ಇದನ್ನು ಹೇಳದೆ ತರಿಸಿದರೆ ಪಕ್ಕದ ಕಿಟಕಿಗೂ ಇದಕ್ಕೂ ಬಣ್ಣ ಹೊಂದುವುದಿಲ್ಲ.

ಬಿಚ್ಚುವಾಗ ಉದ್ದದ ಬೀಡಿಂಗಿನಿಂದ ಶುರುಮಾಡಿ. ಮೂಲೆಯಲ್ಲಿ ಅಲ್ಲ, ನಡುವೆ ಚಪ್ಪಟೆ ಉಳಿ ತೂರಿಸಿ ನಿಧಾನಕ್ಕೆ ಎಬ್ಬಿಸಿ. ನಡುವಿಂದ ಬಾಗಿದರೆ ತುದಿಗಳು ತಾವೇ ಬಿಡುತ್ತವೆ. ಯಾವುದು ಎಲ್ಲಿಯದು ಅಂತ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಗಾಜಿನ ಭಾರ ಲೆಕ್ಕ ಹಾಕಿಕೊಳ್ಳಿ: ಒಂದು ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ. 4 ಮಿ.ಮೀ.ನ ಎರಡು ಗಾಜಾದರೆ 20 ಕಿಲೋ. ಒಬ್ಬರೇ ಹಿಡಿಯಲು ಹೋಗಬೇಡಿ.

ಗಾಜು ಹೊರಗೆ ಬಂದಾಗ ಸಿಗುವ ಖಾಲಿ ಕಚ್ಚೇ ನಿಮ್ಮ ನಿಜವಾದ ಕೆಲಸದ ಜಾಗ. ಸ್ಕ್ರೂಡ್ರೈವರಿನ ತುದಿಯಿಂದ ಮರವನ್ನು ಚುಚ್ಚಿ ನೋಡಿ. ಬ್ರೆಡ್ಡಿನ ಹಾಗೆ ಮೆತ್ತಗೆ ಒಳಗೆ ಹೋದರೆ ಮಾತ್ರ ಫ್ರೇಮಿನ ರಿಪೇರಿ ಮಾತು. ಇಲ್ಲದಿದ್ದರೆ ಹಳೇ ಪುಟ್ಟಿ ಕೆರೆದು, ಒಣಗಲು ಬಿಟ್ಟು, ಬರಿ ಮರಕ್ಕೆ ಪ್ರೈಮರ್ ಬಳಿಯಿರಿ. ಮುಚ್ಚಿದ ತೂತುಗಳನ್ನು ಬಿಡಿಸಿ, ತೂತುಗಳೇ ಇಲ್ಲದಿದ್ದರೆ ಕೆಳಗಿನ ಬೀಡಿಂಗಿನಲ್ಲಿ ಕೊರೆಯಿರಿ. ನನ್ನ ಎರಡನೇ ಪ್ರಯತ್ನದಲ್ಲಿ ಗಾಜು ಕೂರಿಸಲು ಹತ್ತು ನಿಮಿಷ, ಈ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಹೊಸ ಗಾಜನ್ನು ನೇರವಾಗಿ ಮರದ ಮೇಲೆ ಕೂರಿಸಬೇಡಿ. ಕೆಳಗೆ, ಎರಡೂ ತುದಿಯಿಂದ ಅಗಲದ ಕಾಲು ಭಾಗದಷ್ಟು ಒಳಕ್ಕೆ, ಒಂದೊಂದು ಪ್ಲಾಸ್ಟಿಕ್ ಅಟ್ಟೆ, ಅಂದರೆ ಗಾಜಿಗೆ ಆಸರೆಯಾಗುವ ಚಪ್ಪಟೆ ತುಂಡು, ಇಡಿ. ಅಟ್ಟೆ ಎರಡೂ ಗಾಜಿನ ಅಡಿಗೆ ಬರುವಷ್ಟು ಅಗಲ ಇರಬೇಕು. ಒಂದೇ ಗಾಜಿಗೆ ಆಸರೆ ಸಿಕ್ಕರೆ ಇನ್ನೊಂದು ಅಂಟಿನ ಮೇಲೇ ಜೋತುಬೀಳುತ್ತದೆ. ಪಕ್ಕಕ್ಕೆ ತೆರೆಯುವ ಕಿಟಕಿಯಾದರೆ ಅಟ್ಟೆಯನ್ನು ಬೇರೆ ರೀತಿ ಇಡಬೇಕು: ಒಂದು ಕೀಲಿನ ಕಡೆ ಕೆಳಗಿನ ಮೂಲೆಯ ಹತ್ತಿರ, ಇನ್ನೊಂದು ಹಿಡಿಯ ಕಡೆ ಮೇಲಿನ ಮೂಲೆಯ ಹತ್ತಿರ. ಆಗ ಕದ ಜೋಲುವುದಿಲ್ಲ. ಬೀಡಿಂಗ್ ಹಾಕುವಾಗ ಗಿಡ್ಡದ್ದು ಮೊದಲು, ಉದ್ದದ್ದು ಕೊನೆಗೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿಗೂ ಬಹುಪಾಲು ಇದೇ ಕ್ರಮ, ಅಲ್ಲಿ ರಬ್ಬರ್ ಪಟ್ಟಿ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಇನ್ನು ತೂತು ಕೊರೆದು ಒಣಗಿಸುವ ವಿಷಯ. ಸ್ವಲ್ಪ ಕಾಲ ನೋಟ ತಿಳಿಯಾಗಬಹುದು. ಆದರೆ ಸ್ಪೇಸರಿನ ಕಾಳು ಹೊಸದಾಗುವುದಿಲ್ಲ, ಬಿಟ್ಟ ಅಂಚು ಕೂಡುವುದಿಲ್ಲ, ಒಳಗೆ ಶಾಖ ತಡೆಯಲು ಆರ್ಗಾನ್ ಅನಿಲ ತುಂಬಿದ್ದರೆ ಅದು ತಿರುಗಿ ಬರುವುದಿಲ್ಲ. ವರ್ಷಗಟ್ಟಲೆ ತೇವ ಕೂತು ಗಾಜಿಗೇ ಹಿಡಿದ ಬಿಳಿ ಕಲೆಯೂ ಹೋಗುವುದಿಲ್ಲ. ಇನ್ನೊಂದು ವಿಷಯ. ಬಾಗಿಲಿನಲ್ಲಿ, ನೆಲದ ಹತ್ತಿರದ ಕಿಟಕಿಯಲ್ಲಿ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಮಾಡಿದ ಸುರಕ್ಷತೆಯ ಗಾಜು, ಇರಬಹುದು, ಇರಬೇಕು ಕೂಡ. ಅದರ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಮುದ್ರೆ ಇರುತ್ತದೆ. ಅಂಥ ಗಾಜಿಗೆ ಡ್ರಿಲ್ ಇಟ್ಟರೆ ಇಡೀ ಗಾಜು ಪುಡಿಯಾಗಿ ಸುರಿಯುತ್ತದೆ. ಒಣಗಿಸುವವರು ಮತ್ತೆ ಬಂದರೆ ಮೊದಲು ಆ ಮೂಲೆ ತೋರಿಸಿ.